ಬಂದ ಮೇಲೆ ನೋಡೋಣ ಎನ್ನುವವರಿಗೆ

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತೆಂದು ಪತ್ರಿಕೆಗಳೆಲ್ಲ ಬರೆದವು. ಆ ಯೋಜನೆಯಲ್ಲಿ ಹೆಂಗಸರ ಜೊತೆಗೆ ಇನ್ನೊಂದು ಗುಂಪೂ ಇದ್ದದ್ದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಅವರು ಲಿಂಗತ್ವ ಅಲ್ಪಸಂಖ್ಯಾತರು. ಅಂದರೆ ಹಾವೇರಿಯಲ್ಲಿ ಬಸ್ಸು ಹತ್ತಿ ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೆ ಹೊರಟ ಒಬ್ಬ ಮಂಗಳಮುಖಿಗೂ ಕಂಡಕ್ಟರು ಪಕ್ಕದ ಸೀಟಿನ ಹೆಂಗಸಿಗೆ ಕೊಟ್ಟ ಅದೇ ಶೂನ್ಯ ಮೊತ್ತದ ಟಿಕೆಟ್ಟನ್ನು ಕೊಡಬೇಕು. ಕೊಡುತ್ತಾರೆ ಕೂಡ. ಬಸ್ಸಿನಲ್ಲಿ ಕುಳಿತಷ್ಟು ಹೊತ್ತು ಸರಕಾರದ ಲೆಕ್ಕದಲ್ಲಿ ಆಕೆ ಹೆಂಗಸರ ಜೊತೆಗಿನವಳು. ಬಸ್ಸಿಳಿದು ನಿಲ್ದಾಣದ ಶೌಚಾಲಯದ ಕಡೆ ನಡೆದಳೆನ್ನಿ. ಎಡಕ್ಕೆ ಗಂಡಸಿನ ಚಿತ್ರ, ಬಲಕ್ಕೆ ಸೆರಗು ಹೊದ್ದ ಹೆಂಗಸಿನ ಚಿತ್ರ, ನಡುವೆ ಚಿಲ್ಲರೆ ಡಬ್ಬಿ ಇಟ್ಟುಕೊಂಡು ಕೂತವನು. ಅಲ್ಲಿ ಸರಕಾರದ ಲೆಕ್ಕ ಮುಗಿಯಿತು. ಇನ್ನು ಲೆಕ್ಕ ಹಾಕುವವನು ಆ ಡಬ್ಬಿಯವನು.

ಬಸ್ ನಿಲ್ದಾಣದಲ್ಲಿ ಇದು ಐದು ನಿಮಿಷದ ಅವಮಾನ. ನುಂಗಿಕೊಂಡು ಹೋಗಬಹುದು. ಅಂಥದೇ ಎರಡು ಚಿತ್ರಗಳ ಮುಂದೆ ದಿನಾ ಎಂಟು ಗಂಟೆ, ವಾರಕ್ಕೆ ಆರು ದಿನ ನಿಲ್ಲಬೇಕಾದವರ ಬಗ್ಗೆ ನಾವು ಇಲ್ಲಿ ಬರೆಯಬೇಕೆಂದಿದ್ದೇವೆ. ಅಂದರೆ ನೌಕರಿಗೆ ಸೇರಿದವರ ಬಗ್ಗೆ.

ನೌಕರಿಗೆ ಅವರು ಸೇರುವುದೇ ಎಲ್ಲಿ ಎಂದು ಕೇಳುವವರಿದ್ದಾರೆ. ಸೇರುತ್ತಿದ್ದಾರೆ. 2021ರ ಜುಲೈಯಲ್ಲಿ ಕರ್ನಾಟಕ ಸರಕಾರ ತನ್ನ ನೇಮಕಾತಿ ನಿಯಮಗಳನ್ನು ತಿದ್ದಿ, ನೇರ ನೇಮಕಾತಿಯ ಎಲ್ಲ ವರ್ಗಗಳಲ್ಲೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ಇಟ್ಟಿತು. ದೇಶದಲ್ಲಿ ಇಂಥದನ್ನು ಮೊದಲು ಮಾಡಿದ ರಾಜ್ಯ ನಮ್ಮದು. ಇದಾದರೂ ತಾನಾಗಿ ಬಂದ ಔದಾರ್ಯವಲ್ಲ. ಪೊಲೀಸ್ ನೇಮಕಾತಿಯ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎರಡೇ ಕಾಲಮ್ಮು ಇವೆಯೆಂದು ಸಂಗಮ ಸಂಸ್ಥೆಯವರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಬಂದದ್ದು. 2022ರ ನವೆಂಬರಿನಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ ಪಟ್ಟಿ ಬಂದಾಗ ಅದರಲ್ಲಿ ಮೂವರು ಈ ಸಮುದಾಯದವರಿದ್ದರು. ಹದಿನೈದು ಸಾವಿರದ ಹುದ್ದೆಗಳಲ್ಲಿ ಮೂವರು. ಸಂಖ್ಯೆ ಸಣ್ಣದು, ನಿಜ. ಆದರೆ ಆ ಮೂರು ಶಾಲೆಗಳ ಹೆಡ್‌ಮಾಸ್ತರರಿಗೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವುದು ಸುಲಭದ ಕೆಲಸ, ಮಧ್ಯಾಹ್ನದ ಬಿಡುವಿನಲ್ಲಿ ಆ ಟೀಚರು ಎಲ್ಲಿಗೆ ಹೋಗಬೇಕೆಂದು ಹೇಳುವುದು ಸುಲಭದ್ದಲ್ಲ. ನಮ್ಮ ಕಡೆಯ ಎಷ್ಟೋ ಸರಕಾರಿ ಶಾಲೆಗಳಲ್ಲಿ ಹೆಣ್ಣು ಟೀಚರುಗಳಿಗೇ ಬೇರೆ ಶೌಚಾಲಯವಿಲ್ಲ. ಅವರು ಶಾಲೆಯ ಪಕ್ಕದ ಮನೆಯವರ ಸ್ನೇಹ ಸಂಪಾದಿಸಿಕೊಂಡು ದಿನ ದೂಡುತ್ತಾರೆ.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಬೀಜದ ಕಂಪೆನಿಗಳಲ್ಲಿ, ಖಾಸಗಿ ಆಸ್ಪತ್ರೆಗಳಲ್ಲಿ ಈ ವಿಷಯ ಎತ್ತಿದರೆ ಒಂದೇ ಉತ್ತರ ಸಿಗುತ್ತದೆ: "ಅಂಥವರು ಯಾರೂ ನಮ್ಮಲ್ಲಿಲ್ಲ. ಬಂದ ಮೇಲೆ ನೋಡೋಣ." ಈ ಮಾತು ಬಹಳ ಸಭ್ಯವಾಗಿ ಕೇಳಿಸುತ್ತದೆ. ಹೇಳುವವರ ಮುಖದಲ್ಲಿ ದ್ವೇಷವಿರುವುದಿಲ್ಲ, ಕೆಲವೊಮ್ಮೆ ಚಹಾ ಕೂಡ ತರಿಸುತ್ತಾರೆ. ಆದರೆ ಬಂದ ಮೇಲೆ ನೋಡಿದ್ದು ಹೇಗಿತ್ತು ಎಂಬುದಕ್ಕೆ ದೇಶದಲ್ಲಿ ದಾಖಲೆಯಿದೆ. ಜೇನ್ ಕೌಶಿಕ್ ಎಂಬ ಶಿಕ್ಷಕಿಯನ್ನು ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆ 2022ರಲ್ಲಿ ಕೆಲಸಕ್ಕೆ ತೆಗೆದುಕೊಂಡು ಕೆಲವೇ ದಿನಗಳಲ್ಲಿ ಹೊರಗೆ ಕಳಿಸಿತು. ಗುಜರಾತಿನ ಇನ್ನೊಂದು ಶಾಲೆ ಆಕೆ ಯಾರೆಂದು ತಿಳಿದ ಮೇಲೆ ಕೆಲಸಕ್ಕೇ ಸೇರಿಸಿಕೊಳ್ಳಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 2025ರ ಅಕ್ಟೋಬರ್ 17ರಂದು ಬಂದ ತೀರ್ಪಿನಲ್ಲಿ ಕೋರ್ಟು ಪರಿಹಾರ ಕೊಡಿಸಿದ್ದಲ್ಲದೆ, ಕಾಯ್ದೆ ಮಾಡಿ ಸುಮ್ಮನೆ ಕುಳಿತ ಸರಕಾರಗಳನ್ನು ತರಾಟೆಗೆ ತೆಗೆದುಕೊಂಡಿತು, ಕೆಲಸದ ಜಾಗಗಳಿಗೆ ಸಮಾನ ಅವಕಾಶದ ನೀತಿಯೊಂದನ್ನು ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ಸಮಿತಿಯಲ್ಲಿ ನಮ್ಮ ಕರ್ನಾಟಕದ ಅಕ್ಕೈ ಪದ್ಮಶಾಲಿಯವರಿಗೂ ಜಾಗ ಸಿಕ್ಕಿತು.

ಹೊಸ ನೀತಿ ಬರುವವರೆಗೆ ಕೈಕಟ್ಟಿ ಕೂರಬಹುದು ಎಂದು ಯಾರಾದರೂ ಖುಷಿಪಡುವುದಾದರೆ ಅದಕ್ಕೂ ಆಸ್ಪದವಿಲ್ಲ. 2019ರ ಕಾಯ್ದೆಯಡಿ 2020ರ ಸೆಪ್ಟೆಂಬರಿನಲ್ಲಿ ಮಾಡಿದ ನಿಯಮಗಳಲ್ಲಿಯೇ ಎಲ್ಲ ಬರೆದಿದ್ದರು. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ವೆಬ್‌ಸೈಟ್ ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಹಚ್ಚಬೇಕು. ಯಾರು ಬೇಕಾದರೂ ಬಳಸಬಹುದಾದ ಶೌಚಾಲಯ, ರಾತ್ರಿ ಪಾಳಿಯವರಿಗೆ ವಾಹನ, ಕಾವಲು, ಶುಚಿತ್ವದ ಸಾಮಗ್ರಿ, ಇವುಗಳ ಬಗ್ಗೆ ಏನು ಮಾಡಿದ್ದೇವೆಂದು ಅದರಲ್ಲಿ ಹೇಳಬೇಕು. ನೌಕರನ ಲಿಂಗ ಗುರುತನ್ನು ಗುಟ್ಟಾಗಿಡಬೇಕು. ದೂರು ಅಧಿಕಾರಿಯೊಬ್ಬರನ್ನು 30 ದಿನದೊಳಗೆ ನೇಮಿಸಬೇಕು, ಅವರು ದೂರು ಬಂದ 15 ದಿನದೊಳಗೆ ವಿಚಾರಿಸಬೇಕು. "ಅಂಥ ನೌಕರರು ಇದ್ದರೆ ಮಾತ್ರ" ಎಂಬ ಮಾತು ಆ ನಿಯಮದಲ್ಲಿರಲಿಲ್ಲ. ಮದುವೆ ನಿಶ್ಚಯವಾದ ಮೇಲೆ ಬಾವಿ ತೋಡುವವರು ನಮ್ಮ ಸಾಹೇಬರುಗಳು. ಇನ್ನು ನಿಶ್ಚಯವೇ ಆಗದ ಮದುವೆಗೆ ತೋಡಿಯಾರೇ?

ಎರಡನೆಯ ಉತ್ತರವೊಂದಿದೆ, ಅದು ಮೊದಲಿನದಕ್ಕಿಂತ ಜಾಣತನದ್ದು. "ನಮಗೇನೂ ಅಭ್ಯಂತರವಿಲ್ಲ ಸ್ವಾಮಿ, ನಮ್ಮ ಹೆಣ್ಣುಮಕ್ಕಳು ಒಪ್ಪುವುದಿಲ್ಲ." ಇದನ್ನು ಕೇಳಿದಾಗಲೆಲ್ಲ ನಮಗೆ ಬ್ಯಾಡಗಿಯ ಹೆಣ್ಣುಮಕ್ಕಳ ನೆನಪಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಸೋಮವಾರ, ಗುರುವಾರದ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿಗಳು ಬಂದು ಸಾಲುಗಟ್ಟುತ್ತವೆ. ದರ ಬಿದ್ದರೆ ಏನಾಗುತ್ತದೆಂಬುದನ್ನು 2024ರ ಮಾರ್ಚ್ 11ರಂದು ಇಡೀ ರಾಜ್ಯ ನೋಡಿತು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ದರದ ಸುದ್ದಿ ಗೊತ್ತಾಗುತ್ತದೆ, ತೊಟ್ಟು ಬಿಡಿಸುವವರ ಸುದ್ದಿ ಗೊತ್ತಾಗುವುದಿಲ್ಲ. ಕೆಂಪು ರಾಶಿಯ ಸುತ್ತ ನೆಲಕ್ಕೆ ಕುಳಿತು, ಮೂಗಿಗೆ ಸೆರಗು ಬಿಗಿದು, ಕೆಮ್ಮುತ್ತ ತೊಟ್ಟು ಮುರಿಯುವವರೆಲ್ಲ ಹೆಂಗಸರು. ನಮ್ಮ ಓಣಿಯ ಖಾಲಾಗಳೂ ಇದ್ದಾರೆ, ಲಂಬಾಣಿ ತಾಂಡಾದವರೂ ಇದ್ದಾರೆ, ಕುರುಬರ ಕೇರಿಯವರೂ ಇದ್ದಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ ಎಂಬುದು ತಿನ್ನುವವರ ಮಾತು. ಇಡೀ ದಿನ ಬಿಡಿಸಿದ ಬೆರಳಿಗೆ ಅದು ಸಾಕಷ್ಟು ಖಾರವೇ. ಆ ಬೆರಳನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆಯದೆ ಮೂತ್ರಕ್ಕೆ ಹೋದರೆ ಏನಾಗುತ್ತದೆ ಎಂದು ಅವರನ್ನೇ ಕೇಳಿ. ಅದಕ್ಕೇ ಬಹಳ ಜನ ಮುಂಜಾನೆಯಿಂದ ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಉರಿ, ಸೋಂಕು, ಕಿಡ್ನಿಯ ನೋವು ಎಂದು ನಂತರ ಡಾಕ್ಟರ ಬಳಿ ಹೋಗುವವರು ಇವರೇ. ತಿಂಗಳ ದಿನಗಳಲ್ಲಿ ಕೂಲಿ ಬಿಟ್ಟು ಮನೆಯಲ್ಲಿ ಉಳಿಯುವವರೂ ಇವರೇ.

ಈಗ ಹೇಳಿ, ಇವರನ್ನು ಯಾರು ಯಾವಾಗ ಏನು ಒಪ್ಪುತ್ತೀರಾ ಎಂದು ಕೇಳಿದ್ದಾರೆ? 1948ರ ಕಾರ್ಖಾನೆ ಕಾಯ್ದೆಯ 19ನೆಯ ಕಲಮು ಗಂಡಸರಿಗೆ ಮತ್ತು ಹೆಂಗಸರಿಗೆ ಬೇರೆ ಬೇರೆ, ಗೋಡೆ ಕಟ್ಟಿದ ಶೌಚಾಲಯ ಇರಬೇಕೆಂದಿತು. ಅದರಡಿಯ ನಿಯಮ 25 ಹೆಂಗಸರಿಗೆ ಒಂದರಂತೆ ಲೆಕ್ಕ ಕೊಟ್ಟಿತ್ತು. ಎಪ್ಪತ್ತೇಳು ವರ್ಷ ಆ ಕಾಯ್ದೆ ಇತ್ತು. ಅಷ್ಟು ಕಾಲ ಹೆಣ್ಣಿನ ಮಾನದ ಬಗ್ಗೆ ನೆನಪಾಗದ ಮಾಲೀಕನಿಗೆ, ಒಬ್ಬ ಮಂಗಳಮುಖಿ ಅರ್ಜಿ ಹಿಡಿದು ಬಾಗಿಲಿಗೆ ಬಂದ ಕೂಡಲೇ ಅದು ಉಕ್ಕಿ ಬರುತ್ತದೆ. ಹೆಂಗಸರಿಗೆ ಚಿಲಕವಿರುವ ಬಾಗಿಲು ಹಾಕಿಸಿಕೊಡಲಾರದವನು ಅವರ ಹೆಸರಿನಲ್ಲಿ ಇನ್ನೊಬ್ಬರಿಗೆ ಬಾಗಿಲು ಹಾಕುತ್ತಾನೆ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಇಷ್ಟು ಹೇಳಿದ್ದಕ್ಕೆ ಬೆಂಗಳೂರಿನ ನಮ್ಮ ಗೆಳೆಯರು ಚಪ್ಪಾಳೆ ತಟ್ಟುವುದು ಬೇಡ. ಅವರೊಡನೆಯೂ ನಮಗೆ ಜಗಳವಿದೆ. ಹೆಂಗಸೊಬ್ಬಳು ತನ್ನ ಶೌಚಾಲಯದೊಳಗೆ ಯಾರು ಬರುತ್ತಾರೆ ಎಂದು ಕೇಳಿದರೆ ಅದನ್ನು ಪೂರ್ವಗ್ರಹ, ಅಜ್ಞಾನ ಎಂದು ತಳ್ಳಿಹಾಕುವ ಚಾಳಿ ಅವರಲ್ಲಿ ಬೆಳೆದಿದೆ. ಬಯಲಿಗೆ ಹೋಗುವಾಗ ಹಿಂದೆ ಬಂದವನನ್ನು ಕಂಡು ಎದ್ದು ಓಡಿದ ಹೆಣ್ಣಿನ ಅಂಜಿಕೆ ಪುಸ್ತಕ ಓದಿ ಬಂದದ್ದಲ್ಲ. ಸಾಫ್ಟ್‌ವೇರ್ ಕಂಪೆನಿಯ ಏಳನೆಯ ಮಹಡಿಯಲ್ಲಿ ನೆಲದಿಂದ ಸೂರಿನವರೆಗೆ ಗೋಡೆಯಿರುವ, ಒಳಗೇ ಕೈ ತೊಳೆಯುವ ತೊಟ್ಟಿಯಿರುವ ಕೋಣೆಗೆ "ಎಲ್ಲರಿಗೂ" ಎಂದು ಬೋರ್ಡು ಹಾಕುವುದು ಒಂದು ಮಾತು. ಅರ್ಧ ಬಾಗಿಲಿನ, ಬಲ್ಬು ಹೋದ, ಹಿತ್ತಲ ಮೂಲೆಯ ಹೆಂಗಸರ ಶೌಚಾಲಯದ ಬೋರ್ಡು ಬದಲಾಯಿಸಿ "ಎಲ್ಲರಿಗೂ" ಎನ್ನುವುದು ಬೇರೆಯೇ ಮಾತು. ಎರಡನೆಯದು ಖರ್ಚಿಲ್ಲದ ಕ್ರಾಂತಿ. ಅದರಿಂದ ಮಾಲೀಕನಿಗೆ ಒಂದು ಕೋಣೆಯ ದುಡ್ಡು ಉಳಿಯುತ್ತದೆ, ಹೆಂಗಸರು ಇದ್ದ ಒಂದು ಜಾಗವನ್ನೂ ಕಳೆದುಕೊಳ್ಳುತ್ತಾರೆ, ಆ ಸಿಟ್ಟೆಲ್ಲ ಹೋಗಿ ಬೀಳುವುದು ಹೊಸದಾಗಿ ಕೆಲಸಕ್ಕೆ ಬಂದ ಆ ಒಬ್ಬಳ ತಲೆಯ ಮೇಲೆ.

ಇಂಗ್ಲೆಂಡಿನ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ಇಲ್ಲಿ ವಾದಿಸುವವರೂ ಹೆಚ್ಚಾಗಿದ್ದಾರೆ. ಅಲ್ಲಿ ಡಾರ್ಲಿಂಗ್ಟನ್ನಿನ ಆಸ್ಪತ್ರೆಯ ಕೆಲವು ನರ್ಸುಗಳು, ತಾವು ಬಟ್ಟೆ ಬದಲಿಸುವ ಕೋಣೆಯನ್ನು ಒಬ್ಬ ಟ್ರಾನ್ಸ್ ಸಹೋದ್ಯೋಗಿಗೂ ಬಿಟ್ಟುಕೊಟ್ಟ ಬಗ್ಗೆ 2024ರಲ್ಲಿ ಉದ್ಯೋಗ ನ್ಯಾಯಮಂಡಳಿಗೆ ಹೋದರು. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು, ಸಮಾನತಾ ಕಾಯ್ದೆಯಲ್ಲಿರುವ ಹೆಣ್ಣು ಎಂಬ ಪದಕ್ಕೆ ಜೈವಿಕ ಲಿಂಗವೇ ಅರ್ಥ ಎಂದು ತೀರ್ಪು ಕೊಟ್ಟಿತು. ಒಂದು ಪಕ್ಷ ಅದನ್ನು ಗೆಲುವೆಂದಿತು, ಇನ್ನೊಂದು ಅನ್ಯಾಯವೆಂದಿತು. ನಮಗೆ ಅದರಲ್ಲಿ ಕಾಣುವುದು ಇಷ್ಟು: ಹತ್ತಾರು ಜನ ಒಟ್ಟಿಗೆ ನಿಂತು ಬಟ್ಟೆ ಕಳಚುವ ಒಂದೇ ಹಾಲ್ ಕೊಟ್ಟ ಆಡಳಿತ, ಜಗಳವನ್ನು ನೌಕರರ ನಡುವೆ ಬಿಟ್ಟು ತಾನು ಪಕ್ಕಕ್ಕೆ ಸರಿಯಿತು. ಅಡ್ಡ ಗೋಡೆ, ಪರದೆ, ಚಿಲಕ ಹಾಕಿಸಿದ್ದರೆ ಎಷ್ಟು ಜನ ಕೋರ್ಟಿಗೆ ಹೋಗುತ್ತಿದ್ದರು? ಶೌಚಾಲಯಕ್ಕೂ ಬಟ್ಟೆ ಬದಲಿಸುವ ಕೋಣೆಗೂ ವ್ಯತ್ಯಾಸವಿದೆ. ಶೌಚಾಲಯದಲ್ಲಿ ಪ್ರತಿಯೊಬ್ಬರೂ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಅಲ್ಲಿ ಪೂರ್ತಿ ಬಾಗಿಲಿರುವಾಗ, ಹೆಣ್ಣಾಗಿ ಬದುಕುತ್ತಿರುವ ಸಹೋದ್ಯೋಗಿ ಹೆಂಗಸರ ಕಡೆ ಹೋಗುವುದಕ್ಕೆ ಅಡ್ಡಿ ಮಾಡಬಾರದೆಂಬುದು ನಮ್ಮ ಅಭಿಪ್ರಾಯ. ಕೇಂದ್ರ ಸರಕಾರದ ಸ್ವಚ್ಛ ಭಾರತದ ಮಾರ್ಗಸೂಚಿ ಕೂಡ 2017ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಶೌಚಾಲಯಗಳ ವಿಷಯದಲ್ಲಿ ಅವರ ಆಯ್ಕೆಗೇ ಬಿಟ್ಟಿತ್ತು. ಸ್ನಾನ, ಬಟ್ಟೆ ಬದಲಿಸುವುದು, ರಾತ್ರಿ ಪಾಳಿಯವರು ಮಲಗುವುದು ಬೇರೆ ಸಂಗತಿ. ಅಲ್ಲಿ ಯಾರ ಮುಂದೆ ಯಾರೂ ಬಟ್ಟೆ ತೆಗೆಯುವ ಪರಿಸ್ಥಿತಿ ಇರಬಾರದು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೋಣೆ ಇರಬೇಕು. ಬುರ್ಖಾ ತೆಗೆದು ಸಮವಸ್ತ್ರ ಹಾಕುವ ನಮ್ಮ ನರ್ಸ್ ಹುಡುಗಿಗೂ ಅದೇ ಬೇಕಾದದ್ದು, ಉಳಿದ ಹೆಂಗಸರ ಎದುರಿಗೂ ಆಕೆಗೆ ಸಂಕೋಚವಿರುತ್ತದೆ.

ನಮ್ಮ ದೇಶದ ಕಾನೂನು ಈ ನಡುವೆ ಒಂದು ಹೆಜ್ಜೆ ಮುಂದೆ ಇಟ್ಟಿದೆ. ಇಟ್ಟ ರೀತಿಯ ಬಗ್ಗೆ ನಮಗೆ ತಕರಾರಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಹಳೆಯ ಕಾರ್ಖಾನೆ ಕಾಯ್ದೆಯ ಜಾಗದಲ್ಲಿ ಕುಳಿತಿತು. ಅದರ 23ನೆಯ ಕಲಮು ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ನೌಕರರಿಗೆ ಪ್ರತ್ಯೇಕವಾಗಿ ಶೌಚಾಲಯವಿರಬೇಕೆನ್ನುತ್ತದೆ, 24ನೆಯದು ಸ್ನಾನದ ಜಾಗ ಮತ್ತು ಲಾಕರ್ ಕೋಣೆಗಳ ಬಗ್ಗೆ ಅದನ್ನೇ ಹೇಳುತ್ತದೆ. ಎಪ್ಪತ್ತೇಳು ವರ್ಷದ ಹಿಂದೆ ಎರಡು ಪದವಿದ್ದಲ್ಲಿ ಈಗ ಮೂರು. ಸಂತೋಷ. ಆದರೆ ಮೂರನೆಯ ಕೋಣೆಗೆ ನಮ್ಮ ಕಚೇರಿಗಳಲ್ಲಿ ಏನು ಗತಿಯಾಗುತ್ತದೆ ಎಂದು ತಿಳಿಯಬೇಕಾದರೆ ಅಂಗವಿಕಲರ ಶೌಚಾಲಯವನ್ನು ಹೋಗಿ ನೋಡಿ. ಬೀಗ ಹಾಕಿರುತ್ತದೆ. ಬೀಗ ತೆಗೆಸಿದರೆ ಪೊರಕೆ, ಬಕೆಟ್ಟು, ಹಳೆಯ ಫೈಲು, ಕಳೆದ ಚುನಾವಣೆಯ ಬ್ಯಾನರು. ಬೀಗದ ಕೈ ಇರುವ ಜವಾನ ರಜೆಯ ಮೇಲಿರುತ್ತಾನೆ.

ಅದು ಬಿಡಿ. ಚೊಕ್ಕಟವಾಗಿಯೇ ಇಟ್ಟರು ಎನ್ನೋಣ. ಆ ಬೋರ್ಡಿನಡಿಯಲ್ಲಿ ಒಮ್ಮೆ ನಡೆದು ಹೋದವರ ಗುಟ್ಟು ಸಂಜೆಯೊಳಗೆ ಇಡೀ ಕಚೇರಿಗೆ, ರಾತ್ರಿಯೊಳಗೆ ಆಕೆ ಬಾಡಿಗೆಗಿರುವ ಓಣಿಗೆ ತಲುಪುತ್ತದೆ. ಗುರುತನ್ನು ಗುಟ್ಟಾಗಿಡಿ ಎಂದ 2020ರ ನಿಯಮಕ್ಕೂ, ಹೆಸರು ಬರೆದು ಬೇರೆ ಕೋಣೆ ಕೊಡಿ ಎನ್ನುವ ಸಂಹಿತೆಗೂ ಹೊಂದಾಣಿಕೆ ಹೇಗೆ? ಓಣಿಗೆ ತಲುಪಿದರೆ ಏನಾಗುತ್ತದೆಂಬುದಕ್ಕೆ ಕೊಚ್ಚಿಯ ಉದಾಹರಣೆಯಿದೆ. 2017ರಲ್ಲಿ ಅಲ್ಲಿನ ಮೆಟ್ರೋ 23 ಜನ ಟ್ರಾನ್ಸ್‌ಜೆಂಡರುಗಳಿಗೆ ಕೆಲಸ ಕೊಟ್ಟಿದ್ದನ್ನು ದೇಶವೆಲ್ಲ ಕೊಂಡಾಡಿತು. ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಮುಖ್ಯ ಕಾರಣ, ಬಾಡಿಗೆಗೆ ಮನೆ ಕೊಡುವವರು ಸಿಗಲಿಲ್ಲ. ಊರ ಹೊರಗೆ ದುಬಾರಿ ಲಾಡ್ಜಿನಲ್ಲಿದ್ದುಕೊಂಡು ಆ ಸಂಬಳದಲ್ಲಿ ಬದುಕಲಾಗಲಿಲ್ಲ. (ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎಂಬ ಉತ್ತರ ಕೇಳಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರ ಬಗ್ಗೆ ಮಾತ್ರ ಯಾರೂ ಮಾತಾಡುವುದೇ ಇಲ್ಲ. ಗಂಡಸರ ಮೂತ್ರಾಲಯದಲ್ಲಿ ಸಾಲಾಗಿ ತೊಟ್ಟಿಗಳು, ಒಳಗಿನ ಒಂದೇ ಕಕ್ಕಸಿನ ಚಿಲಕ ಮುರಿದಿರುತ್ತದೆ, ಕಸದ ಡಬ್ಬಿ ಅಲ್ಲಿ ಯಾಕಿರಬೇಕು? ತಿಂಗಳ ಮೂರು ದಿನ ಆತ ಏನು ಮಾಡಬೇಕು? ಒಂದು ಚಿಲಕ, ಒಂದು ಡಬ್ಬಿ. ಇಷ್ಟೂ ಆಗದಿದ್ದರೆ ಆತ ಹೊಟ್ಟೆನೋವೆಂದು ರಜೆ ಹಾಕುತ್ತಾನೆ, ಮತ್ತೆ ಮತ್ತೆ ರಜೆ ಹಾಕುವವನೆಂದು ಮೆಮೊ ಪಡೆಯುತ್ತಾನೆ.

ನಮ್ಮವರಲ್ಲೂ ಈ ವಿಷಯಕ್ಕೆ ಮುಖ ಸಿಂಡರಿಸುವವರು ಕಡಿಮೆಯಿಲ್ಲ. ಪರ್ದಾದ ಮಾತೆತ್ತಿ ಚರ್ಚೆಯನ್ನೇ ಮುಗಿಸಿಬಿಡುತ್ತಾರೆ. ಅಂಥವರಿಗೆ ನಮ್ಮ ಹಳೆಯ ಉಲೇಮಾಗಳನ್ನೇ ನೆನಪಿಸಬೇಕು. ಹನ್ನೆರಡನೆಯ ಶತಮಾನದ ಹಿದಾಯಾ ಎಂಬ ಹನಫಿ ಗ್ರಂಥದ ಕೊನೆಯಲ್ಲಿ ಖುಂಸಾ, ಅಂದರೆ ಗಂಡೋ ಹೆಣ್ಣೋ ಎಂದು ದೇಹದಿಂದ ನಿರ್ಧರಿಸಲಾಗದವರ ಕುರಿತೇ ಒಂದು ಅಧ್ಯಾಯವಿದೆ. ನಮಾಜಿನಲ್ಲಿ ಅವರು ಗಂಡಸರ ಮತ್ತು ಹೆಂಗಸರ ಸಾಲುಗಳ ನಡುವೆ ನಿಲ್ಲಬೇಕು, ಆಸ್ತಿಯಲ್ಲಿ ಪಾಲು ಹೇಗೆ, ಸತ್ತರೆ ಮಯ್ಯತ್ತಿಗೆ ಸ್ನಾನ ಮಾಡಿಸುವವರು ಯಾರು, ಇವೆಲ್ಲಕ್ಕೂ ಅವರು ತಲೆ ಕೆಡಿಸಿಕೊಂಡಿದ್ದರು. ಅವರು ಕೊಟ್ಟ ಉತ್ತರಗಳನ್ನು ಇಂದಿನ ಕಚೇರಿಗೆ ಹಾಗೆಯೇ ಹಚ್ಚಲು ಬರುವುದಿಲ್ಲ. ಖುಂಸಾ ಬೇರೆ, ಇಂದು ನಾವು ಟ್ರಾನ್ಸ್‌ಜೆಂಡರ್ ಎನ್ನುವವರೆಲ್ಲ ಅದೇ ಅಲ್ಲ ಎಂಬುದೂ ನಿಜ. ಆದರೂ "ಅಂಥವರು ನಮ್ಮಲ್ಲಿಲ್ಲ, ಬಂದ ಮೇಲೆ ನೋಡೋಣ" ಎಂದು ಆ ಫಕೀಹರು ಬರೆಯಲಿಲ್ಲ. ಬರುತ್ತಾರೆಂದೇ ತಿಳಿದು ಸಾಲಿನಲ್ಲಿ ಜಾಗವನ್ನು ಮೊದಲೇ ಗುರುತಿಸಿಟ್ಟರು. ಇನ್ನು ಮದೀನಾದ ಮಸೀದಿಯ ಸೇವೆಯಲ್ಲಿ ಶತಮಾನಗಳ ಕಾಲ ಇದ್ದ ಆಘಾಗಳ ವಿಷಯ ನಮ್ಮ ಹಾಜಿಗಳಿಗೆ ಗೊತ್ತು. ಊರಿಗೆ ಬಂದ ಮೇಲೆ ಮರೆಯುತ್ತಾರೆ.

ಹಾವೇರಿ ಜಿಲ್ಲೆ ಕನಕದಾಸರ ಬಾಡ, ಕಾಗಿನೆಲೆಗಳ ಜಿಲ್ಲೆ, ಶಿಶುನಾಳ ಶರೀಫರ ಜಿಲ್ಲೆ ಎಂದು ಭಾಷಣ ಮಾಡದ ರಾಜಕಾರಣಿಯಿಲ್ಲ. 2023ರ ಜನವರಿಯಲ್ಲಿ ಇದೇ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನವಾದಾಗ ವೇದಿಕೆಯ ಪಟ್ಟಿಯಲ್ಲಿ ಮುಸ್ಲಿಂ ಲೇಖಕರ ಹೆಸರು ಹುಡುಕಬೇಕಾಯಿತೆಂದು ಬೆಂಗಳೂರಿನಲ್ಲಿ ಬೇರೆಯೇ ಜನಸಾಹಿತ್ಯ ಸಮ್ಮೇಳನ ನಡೆಯಿತು. ಆಗ ಪರಿಷತ್ತಿನ ಕಡೆಯವರು ಕೊಟ್ಟ ಸಮಜಾಯಿಷಿಗಳನ್ನು ಕೇಳಿದ ನಮಗೆ, ಲಿಂಗತ್ವ ಅಲ್ಪಸಂಖ್ಯಾತರು ಎಂಬ ಸರಕಾರಿ ಪದದ ದ್ವಿತೀಯಾರ್ಧದ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಇತರೆ ಎಂಬ ಕಾಲಮಿನಲ್ಲಿ ಬರೆಸಿದವರು 20,266 ಜನ. ಅದೇ 2011ರಲ್ಲಿ ನಮ್ಮ ಸರಕಾರ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ ಇವರ ಹೆಸರು, ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಿಂದ ಎತ್ತಿದಂತಿದ್ದ ಆ ಕಲಮಿನಿಂದ ಅವರ ಹೆಸರನ್ನು ತೆಗೆಯಲು ಕೋರ್ಟಿಗೆ ಹೋಗಬೇಕಾಯಿತು. ಪಟ್ಟಿ ಮಾಡಲು ಯಾರೂ ಬಂದ ಮೇಲೆ ನೋಡೋಣ ಎನ್ನಲಿಲ್ಲ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿಗೆ ಮಾಹಿತಿ ಹಕ್ಕಿನ ಅರ್ಜಿಯಾಗುತ್ತದೆ. ಓದುಗರಲ್ಲಿ ಕೆಲವರಾದರೂ ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ, ರಾಣೆಬೆನ್ನೂರಿನ ನಗರಸಭೆಗೆ, ಬ್ಯಾಡಗಿಯ ಎಪಿಎಂಸಿಗೆ ಒಂದೊಂದು ಹಾಕಲಿ. ಪ್ರಶ್ನೆಗಳು ಬಹಳ ಬೇಡ. ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ, ಅದು ಯಾವ ಗೋಡೆಯ ಮೇಲಿದೆ ತಿಳಿಸಿ. ದೂರು ಅಧಿಕಾರಿಯ ಹೆಸರು, ನೇಮಕದ ದಿನಾಂಕ ತಿಳಿಸಿ. ನಿಮ್ಮ ಆವರಣದಲ್ಲಿ ಎಷ್ಟು ಹೆಂಗಸರು ಕೆಲಸ ಮಾಡುತ್ತಾರೆ, ಒಳಗಿನಿಂದ ಚಿಲಕ ಹಾಕಲು ಬರುವ, ನೀರು ಬರುವ ಶೌಚಾಲಯಗಳು ಎಷ್ಟು, ಅವುಗಳಲ್ಲಿ ಬೀಗ ಹಾಕಿರುವವು ಎಷ್ಟು, ಬೀಗದ ಕೈ ಯಾರ ಬಳಿಯಿದೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ.